ಕಸಿ ಗುಲಾಬಿ

ಅಂಗಡಿಯ ಹಿಂದೆ ಆರಡಿಗೆ ನಾಲ್ಕಡಿ.
ತುಕ್ಕು ಹಿಡಿದ ಪಂಪು, ಗ್ರೀಸಿನ ಡಬ್ಬಿ ಸರಿಸಿ
ಅಗೆದೆ. ಹಾಸನದ ಕೆಂಪು ಮಣ್ಣು
ಪಿಕಾಸಿಗೆ ಕಚ್ಚಿಕೊಂಡು ಬಿಡಲೊಲ್ಲದು.
ನಮ್ಮಲ್ಲಿ ಹೀಗಿಲ್ಲ. ಮಲ್ಪೆಯಲ್ಲಿ ಗುಂಡಿ ತೋಡಿ
ಗಿಡ ತರಲು ಒಳಗೆ ಹೋದರೆ
ಬರುವಷ್ಟರಲ್ಲಿ ಗುಂಡಿ ಮುಚ್ಚಿಕೊಂಡಿರುತ್ತದೆ.

ಗಿಡ ಬೇಬಿಯಕ್ಕನದು.
ಮೀನಿನ ಥರ್ಮೊಕೋಲ್ ಪೆಟ್ಟಿಗೆಯಲ್ಲಿ
ನಾಲ್ಕು ವರ್ಷ ಬದುಕಿತ್ತು, ಅದನ್ನು ಬದುಕು ಅನ್ನುವುದಾದರೆ:
ಉಪ್ಪು ಗಾಳಿಗೆ ಎಲೆಯಂಚು ಸುಟ್ಟು,
ಮಳೆ ಹಿಡಿದರೆ ಮೈಯೆಲ್ಲ ಕಪ್ಪು ಚುಕ್ಕಿ,
ಆಗೊಂದು ಈಗೊಂದು ಹೂ,
ಬೆಳಿಗ್ಗೆ ಕಿತ್ತಳೆ, ಹನ್ನೆರಡು ಹೊಡೆಯುವಾಗ
ಒಗೆದೊಗೆದು ಬಣ್ಣ ಹೋದ ರವಿಕೆ.
"ನೀನೇ ತಕೊಂಡು ಹೋಗು ಮಾರಾಯ,
ಘಟ್ಟದ ಮೇಲೆ ತಂಪುಂಟಲ್ಲ.
ಇಲ್ಲಿ ಇದಕ್ಕೂ ಸುಖ ಇಲ್ಲ, ಇದನ್ನು ನೋಡಿ ನನಗೂ ಇಲ್ಲ."

ಶಿರಾಡಿಯ ತಿರುವಿನಲ್ಲಿ ಬಸ್ಸು ಹೊರಳುವಾಗ
ಮಡಿಲಲ್ಲಿ ಗಿಡ, ಪಕ್ಕದವರ ಸೀರೆಗೆ ಮುಳ್ಳು.
ಸಕಲೇಶಪುರದಲ್ಲಿ ಕಂಡಕ್ಟರು ಕೇಳಿದ,
"ಇದಕ್ಕೂ ಟಿಕೆಟ್ ಕೊಡ್ಲಾ ಸಾರ್?"

ಎದುರಿಗೆ ಬಿತ್ತನೆ ಆಲೂಗಡ್ಡೆ ಮಾರುವ ಸಣ್ಣತಮ್ಮಣ್ಣ.
ಬಂದ, ಕೂತ, ಕಡ್ಡಿಯಲ್ಲಿ ಬುಡ ಕೆದಕಿದ.
"ಕಣ್ಣು ಕಟ್ಟಿದ ಜಾಗ ಮಣ್ಣೊಳಗೆ ಹೂಳ್ಬೇಡ ಕಣಣ್ಣ.
ಕೆಳಗಿಂದ ಏಳೆಲೆ ಚಿಗುರು ಬಂದ್ರೆ ಅದು ಕಾಡು,
ಮುಲಾಜಿಲ್ದೆ ಕಿತ್ತಾಕು.
ಮೇಲಿನ ಹೂವು ಯಾರದ್ದೋ, ಕೆಳಗಿನ ಬೇರು ಯಾರದ್ದೋ.
ಬೇರಿಗೆ ಯಾವಾಗ್ಲೂ ತನ್ನ ಮನೆ ಗ್ಯಾನ."
ಗಡ್ಡೆಯ ಅಂಗಮಾರಿಗೆ ಹೊಡೆದು ಉಳಿದ ಪುಡಿ
ಕಾಗದದಲ್ಲಿ ಕಟ್ಟಿ ಕೊಟ್ಟ. ದುಡ್ಡು ಬೇಡ ಎಂದ.
ಅವನ ಸ್ಪ್ರೇಯರಿಗೆ ನಾನೊಂದು ವಾಷರು ಹಾಕಿಕೊಟ್ಟೆ.

ಗೊಬ್ಬರವೆಂದು ನಾನು ಬಲ್ಲದ್ದು ಒಂದೇ, ಮೀನಿನ ಕರುಳು.
ಊರಲ್ಲಿ ಬಿಟ್ಟಿ. ಇಲ್ಲಿ ಬಕೆಟ್ಟು ಹಿಡಿದು
ಮೀನಂಗಡಿಯ ಮುಂದೆ ನಿಲ್ಲಬೇಕು. ನಿಂತೆ, ತಂದೆ, ಹೂತೆ.
ರಾತ್ರಿ ಬೀದಿಯ ನಾಯಿಗಳೆಲ್ಲ ಸೇರಿ
ಗಿಡವನ್ನೇ ಅಗೆದು ರಸ್ತೆಗೆ ಎಳೆದಿದ್ದವು.
ಮತ್ತೆ ನೆಟ್ಟೆ.
ಸುತ್ತ ನಾಲ್ಕು ಸತ್ತ ಎಂಜಿನು ಕಾವಲು.

ಮೊದಲ ಮೊಗ್ಗು ಚಿವುಟಿದೆ. ಎರಡನೆಯದನ್ನೂ.
ಕೈ ನಡುಗಿತು ಅನ್ನಲಾರೆ, ಆದರೆ ಆ ದಿನ
ಒಂದೇ ನಟ್ಟನ್ನು ಎರಡು ಸಲ ಅಡ್ಡ ಹತ್ತಿಸಿದೆ.

ಡಿಸೆಂಬರು. ಲಾರಿಗಳು ಬೆಳಿಗ್ಗೆ ಎಂಟಕ್ಕೂ
ದೀಪ ಹೊತ್ತಿಸಿಕೊಂಡು ಬರುವಂಥ ಮಂಜು.
ಒಂದೇ ಕಡ್ಡಿ, ನೆಟ್ಟಗೆ, ತುದಿಗೆ ಒಂದೇ ಹೂವು,
ಅಂಗೈಯಗಲ. ಮಧ್ಯಾಹ್ನಕ್ಕೂ ಮಾಸಲಿಲ್ಲ.
ಮರುದಿನವೂ.
ಪರಿಮಳದ ಮಾತು ಬೇಡ, ಡೀಸೆಲ್ಲಿನದೇ ಜೋರು.

ಸಂತೆಗೆಂದು ಎರಡು ಮೂಟೆ ಒಣಮೀನಿನ ಜೊತೆ
ಬೇಬಿಯಕ್ಕ ಬಂದಿಳಿದಳು.
ಕೈಕಾಲು ತೊಳೆದು ಹಿತ್ತಿಲಿಗೆ ಬಂದವಳು
ಬಾಗಿಲಲ್ಲೇ ನಿಂತಳು.
ಮುಡಿದುಕೋ ಅನ್ನಲು ಬಾಯಿ ತೆರೆದವ ಮುಚ್ಚಿದೆ.

ಭಾವನ ಲೈಫ್ ಜಾಕೆಟ್ಟು ಇದೇ ಬಣ್ಣ.
ಸೊಸೈಟಿಯಲ್ಲಿ ಕೊಟ್ಟದ್ದು, ಹೊಸತು.
ಹಾಕಿದರೆ ಸೆಕೆ ಅನ್ನುತ್ತಿದ್ದ.
ಆ ದಿನ ಮನೆಯ ಮೊಳೆಯಲ್ಲಿ ಇತ್ತು,
ಈಗಲೂ ಅಲ್ಲೇ ಉಂಟು.
ನನಗಿದು ಹೊಳೆದದ್ದು ಅವಳ ಮುಖ ನೋಡಿದ ಮೇಲೆ.
ಗಿಡ ಹೊತ್ತು ತಂದವ ನಾನು. ಹತ್ತು ತಿಂಗಳು ನೀರೆರೆದವ.

ಅಕ್ಕ ಅಳಲಿಲ್ಲ.
ಸಂಜೆ ದಡದಲ್ಲಿ ದೋಣಿ ಎಣಿಸುವಾಗಿನ ಹಾಗೆ
ಕಣ್ಣು ಕಿರಿದು ಮಾಡಿ ನೋಡಿ
"ದೂರಕ್ಕೆ ಕಾಣ್ತದೆ" ಅಂದಳು.

ಆಮೇಲೆ ಕುಕ್ಕರುಗಾಲಲ್ಲಿ ಕೂತು
ಬುಡದಲ್ಲಿ ನಾನು ಕಾಣದೆ ಬಿಟ್ಟ ಚಿಗುರು ಹುಡುಕಿ
ಎಲೆ ಎಣಿಸಿದಳು. "ಏಳುಂಟು. ಇದೆಂತದು?"
ಕಾಡಿನದು, ಕೀಳಬೇಕು ಎಂದೆ.
ಕಿತ್ತಳು, ತುಸು ಬೇರಿನ ಸಮೇತ, ಹುಷಾರಾಗಿ,
ನನ್ನ ಗ್ರೀಸು ಒರೆಸುವ ಬಟ್ಟೆ ನೀರಲ್ಲದ್ದಿ ಸುತ್ತಿ
ಚೀಲಕ್ಕೆ ಹಾಕಿದಳು.
"ಇದು ನನಗಿರಲಿ. ಉಪ್ಪು ತಡೆದರೂ ತಡೆದೀತು."

ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು,
"ಇಲ್ಲಿ ಒಣ ಬಂಗುಡೆ ಎಷ್ಟಕ್ಕೆ ಹೋಗ್ತದೆ?"